ನಾಯಿಯ ಮೂತ್ರಪಿಂಡ ಮತ್ತು ನಮ್ಮ ತಳಿಮೋಹ



ದತ್ತಿ ಉಪನ್ಯಾಸ ಎಂದ ಕೂಡಲೇ ವಚನ, ಶಾಸನ, ಇತಿಹಾಸದಂಥ ವಿಷಯಗಳನ್ನು ಜನ ನಿರೀಕ್ಷಿಸುತ್ತಾರೆ. ನಾಯಿಯ ಮೂತ್ರದ ಬಗ್ಗೆ ಮಾತನಾಡುತ್ತೇನೆ ಎಂದಾಗ ಸಂಘಟಕರು ಒಂದು ಕ್ಷಣ ಸುಮ್ಮನಾದರು, ಆಮೇಲೆ ಒಪ್ಪಿದರು. ಅವರಿಗೆ ನಾನು ಕೊಟ್ಟ ಸಮಜಾಯಿಷಿಯನ್ನೇ ನಿಮಗೂ ಕೊಡುತ್ತೇನೆ. ನಮ್ಮ ರಾಯಚೂರು ಸೀಮೆಯ ಮಸ್ಕಿಯ ಬಂಡೆಯಲ್ಲಿ 1915ರಲ್ಲಿ ಅಶೋಕನ ಹೆಸರು ಪತ್ತೆಯಾದದ್ದು ನಮಗೆಲ್ಲ ಹೆಮ್ಮೆ. ಅದೇ ಚಕ್ರವರ್ತಿ ತನ್ನ ಎರಡನೆಯ ಬಂಡೆಶಾಸನದಲ್ಲಿ ಎರಡು ಬಗೆಯ ಚಿಕಿತ್ಸೆಗೆ ಏರ್ಪಾಡು ಮಾಡಿದ್ದಾಗಿ ಹೇಳಿಕೊಂಡಿದ್ದಾನೆ: ಒಂದು ಮನುಷ್ಯರಿಗೆ, ಇನ್ನೊಂದು ಪ್ರಾಣಿಗಳಿಗೆ. ಹೀಗಾಗಿ ಪ್ರಾಣಿವೈದ್ಯದ ಮಾತು ಈ ನೆಲಕ್ಕೆ ಹೊಸದಲ್ಲ.

ಇಂದು ನಾನು ಎತ್ತಿಕೊಂಡಿರುವುದು ನಾಯಿಗಳಲ್ಲಿ ವಂಶದಿಂದ ಬರುವ, ಚಯಾಪಚಯಕ್ಕೆ ಸಂಬಂಧಿಸಿದ ಮೂತ್ರಪಿಂಡದ ರೋಗಗಳನ್ನು. ಮಾತನ್ನು ನಾಲ್ಕು ಭಾಗ ಮಾಡಿಕೊಂಡಿದ್ದೇನೆ. ಮೊದಲು, ಮೂತ್ರಪಿಂಡದ ಕೆಲಸ ಮತ್ತು ಅದು ಕೆಡುವ ಬಗೆ. ಎರಡನೆಯದು, ಇಡೀ ಒಂದು ತಳಿಯೇ ಒಂದು ದೋಷಕ್ಕೆ ಸಿಕ್ಕಿ ಬಿಡುಗಡೆಯ ದಾರಿ ಕಂಡ ಕಥೆ. ಮೂರನೆಯದು, ಮುಧೋಳದಿಂದ ಹಿಡಿದು ನಮ್ಮ ಕುರಿಹಟ್ಟಿಯವರೆಗಿನ ನಾಯಿಗಳ ಮಾತು. ಕೊನೆಯದಾಗಿ, ನಾವು ಮಾಡಬಹುದಾದ ಕೆಲಸ. ನನ್ನ ಒಟ್ಟು ವಾದವನ್ನು ಈಗಲೇ ಹೇಳಿಬಿಡುತ್ತೇನೆ: ಈ ರೋಗಗಳು ಕಾಣಿಸುವುದು ಮೂತ್ರಪಿಂಡದಲ್ಲಿ, ಹುಟ್ಟುವುದು ನಾವು ಜೋಡಿ ಕಟ್ಟುವ ರೀತಿಯಲ್ಲಿ. ಔಷಧಿಯ ಅಂಗಡಿಗಿಂತ ಮೊದಲು ವಂಶದ ದಾಖಲೆ ಸರಿಯಾಗಬೇಕು.

ಮೊದಲನೆಯ ಭಾಗಕ್ಕೆ ಬರೋಣ. ನಾಯಿಯ ಒಂದೊಂದು ಮೂತ್ರಪಿಂಡದಲ್ಲಿ ಸುಮಾರು 4 ಲಕ್ಷ ಸೂಕ್ಷ್ಮ ಸೋಸುಕಗಳಿವೆ. 20 ಕಿಲೋ ತೂಕದ ಆರೋಗ್ಯವಂತ ನಾಯಿಯ ದೇಹ ದಿನಕ್ಕೆ 50 ಲೀಟರಿಗಿಂತ ಹೆಚ್ಚು ದ್ರವವನ್ನು ರಕ್ತದಿಂದ ಸೋಸುತ್ತದೆ. ಆದರೆ ಹೊರಗೆ ಹೋಗುವ ಮೂತ್ರ ಒಂದು ಲೀಟರೂ ಇರುವುದಿಲ್ಲ. ಉಳಿದದ್ದೆಲ್ಲ ಸಣ್ಣ ನಾಳಗಳ ಮೂಲಕ ಮತ್ತೆ ರಕ್ತಕ್ಕೆ ಹೋಗುತ್ತದೆ. ಅಂದರೆ ಸೋಸುವುದು ಅರ್ಧ ಕೆಲಸ. ಬೇಕಾದುದನ್ನು ಹೆಕ್ಕಿ ವಾಪಸು ತರುವುದು ಇನ್ನರ್ಧ. ಸಕ್ಕರೆ, ಅಮೈನೋ ಆಮ್ಲ, ಫಾಸ್ಫೇಟ್, ಬೈಕಾರ್ಬೊನೇಟ್, ಇವನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಎತ್ತಿಕೊಳ್ಳುವುದು ನಾಳದ ಮೊದಲ ಭಾಗ.

ತುಂಗಭದ್ರಾ ಎಡದಂಡೆ ಕಾಲುವೆಯ ಮೇಲೆ ಬದುಕುವ ಸಿಂಧನೂರಿನ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಲುವೆಯಲ್ಲಿ ಮೇಲ್ಭಾಗದವರು ನೀರೆಲ್ಲ ಎಳೆದುಕೊಂಡರೆ ಕೊನೆಭಾಗದವರು ಜಗಳಕ್ಕೆ ಬರುತ್ತಾರೆ. ಮೂತ್ರಪಿಂಡದಲ್ಲಿ ನ್ಯಾಯ ತಿರುಗುಮುರುಗು: ಮೇಲ್ಭಾಗದ ತೂಬುಗಳು ಮನಸಾರೆ ಎಳೆದುಕೊಳ್ಳಲೇಬೇಕು. ಅವು ಕೈಬಿಟ್ಟದ್ದನ್ನು ಕೆಳಭಾಗ ಹಿಡಿದಿಡಲಾರದು, ಎಲ್ಲ ಹರಿದುಹೋಗುತ್ತದೆ.

ಈ ತೂಬುಗಳು ಒಟ್ಟಾಗಿ ಕೆಟ್ಟರೆ ಅದು ಫ್ಯಾಂಕೋನಿ ಸಿಂಡ್ರೋಮ್. ಸ್ವಿಟ್ಜರ್ಲೆಂಡಿನ ಮಕ್ಕಳ ವೈದ್ಯ ಗೀಡೋ ಫ್ಯಾಂಕೋನಿಯ ಹೆಸರು ಹೊತ್ತ ಈ ರೋಗ ಮನುಷ್ಯರಲ್ಲೂ ಇದೆ, ನಾಯಿಗಳಲ್ಲೂ ಇದೆ. ನಾಯಿಗಳ ಪೈಕಿ ಇದರ ವಂಶಪಾರಂಪರ್ಯ ರೂಪ ಹೆಚ್ಚಾಗಿ ಕಂಡಿದ್ದು ಆಫ್ರಿಕದ ಕಾಂಗೋ ಮೂಲದ, ಬೊಗಳದ ನಾಯಿ ಎಂದೇ ಹೆಸರಾದ ಬಸೆಂಜಿ ತಳಿಯಲ್ಲಿ. ನಾಲ್ಕರಿಂದ ಎಂಟು ವರ್ಷದ ನಡುವೆ ನಾಯಿ ವಿಪರೀತ ನೀರು ಕುಡಿಯತೊಡಗುತ್ತದೆ, ಪದೇ ಪದೇ ಮೂತ್ರ ಮಾಡುತ್ತದೆ, ತಿಂದರೂ ಸೊರಗುತ್ತದೆ. ಮೂತ್ರ ಪರೀಕ್ಷಿಸಿದರೆ ಸಕ್ಕರೆ ಕಾಣುತ್ತದೆ. ಸಕ್ಕರೆ ಕಾಯಿಲೆ ಎಂದು ತೀರ್ಮಾನಿಸಿ ಇನ್ಸುಲಿನ್ ಕೊಟ್ಟರೆ ಪ್ರಾಣಕ್ಕೇ ಅಪಾಯ. ಏಕೆಂದರೆ ರಕ್ತದಲ್ಲಿ ಸಕ್ಕರೆ ಸರಿಯಾಗಿಯೇ ಇರುತ್ತದೆ, ಸೋರುತ್ತಿರುವುದು ನಾಳ. ಮೂತ್ರದಲ್ಲಿ ಸಕ್ಕರೆ ಇದ್ದು ರಕ್ತದಲ್ಲಿ ಹೆಚ್ಚಿಲ್ಲದಿದ್ದರೆ ವೈದ್ಯರ ಕಣ್ಣು ಮೂತ್ರಪಿಂಡದ ಕಡೆ ಹೊರಳಬೇಕು.

ಈ ರೋಗ ಪೂರ್ತಿ ವಾಸಿಯಾಗುವುದಿಲ್ಲ. ಆದರೆ ಸೋರಿಹೋಗುವುದನ್ನು ಹೊರಗಿನಿಂದ ತುಂಬಿಕೊಡಬಹುದು. ಮುಖ್ಯವಾಗಿ ಬೈಕಾರ್ಬೊನೇಟ್, ಅದರ ಜೊತೆಗೆ ಪೊಟ್ಯಾಸಿಯಂ, ಜೀವಸತ್ವ, ಖನಿಜ. 2004ರಲ್ಲಿ ಅಮೆರಿಕದಲ್ಲಿ ಪ್ರಕಟವಾದ 60 ನಾಯಿಗಳ ಅಧ್ಯಯನವೊಂದರಲ್ಲಿ ರೋಗ ಪತ್ತೆಯಾದ ಮೇಲಿನ ಆಯುಸ್ಸಿನ ಮಧ್ಯಾಂಕ ಐದು ವರ್ಷಕ್ಕೂ ತುಸು ಹೆಚ್ಚಿತ್ತು. ಬೇಗ ಕಂಡುಹಿಡಿದರೆ ನಾಯಿ ಹೆಚ್ಚುಕಡಿಮೆ ತನ್ನ ಪೂರ್ಣಾಯುಷ್ಯ ಬಾಳಬಲ್ಲದು ಎಂದಾಯಿತು. ಒಂದು ಎಚ್ಚರಿಕೆ: ಈ ಬೈಕಾರ್ಬೊನೇಟ್ ನಮ್ಮ ಅಡುಗೆ ಸೋಡಾವೇ ಹೌದು, ಆದರೆ ಅದರ ಪ್ರಮಾಣ ರಕ್ತಪರೀಕ್ಷೆಯಿಂದ ನಿರ್ಧಾರವಾಗಬೇಕು. ಮನೆಯಲ್ಲಿ ಚಮಚದ ಲೆಕ್ಕದಲ್ಲಿ ಹಾಕುವ ಸಾಹಸ ಬೇಡ.

ಇನ್ನೊಂದು ರೋಗದಲ್ಲಿ ಎಲ್ಲ ತೂಬುಗಳೂ ಕೆಡುವುದಿಲ್ಲ. ಸಿಸ್ಟೀನ್ ಮತ್ತು ಅದರ ಬಳಗದ ಕೆಲವು ಅಮೈನೋ ಆಮ್ಲಗಳ ತೂಬು ಮಾತ್ರ ಕೆಡುತ್ತದೆ. ಇದು ಸಿಸ್ಟಿನ್ಯೂರಿಯ. ಸಿಸ್ಟೀನ್ ಮೂತ್ರದಲ್ಲಿ ಸರಿಯಾಗಿ ಕರಗದೆ ಹರಳುಗಟ್ಟುತ್ತದೆ. ಸೂಕ್ಷ್ಮದರ್ಶಕದಡಿ ಆರು ಮೂಲೆಯ ಚಪ್ಪಟೆ ಹರಳುಗಳು ಕಂಡರೆ ಬೇರೆ ಸಾಕ್ಷಿ ಹೆಚ್ಚು ಬೇಕಾಗಿಲ್ಲ. 1810ರಲ್ಲಿ ವುಲಸ್ಟನ್ ಎಂಬ ಇಂಗ್ಲಿಷ್ ವಿಜ್ಞಾನಿ ಮನುಷ್ಯರ ಮೂತ್ರಕೋಶದ ಕಲ್ಲಿನಲ್ಲಿ ಈ ವಸ್ತುವನ್ನು ಗುರುತಿಸಿದ. 1823ರಲ್ಲಿ ಫ್ರಾನ್ಸಿನ ಲಸೇನ್ ನಾಯಿಯ ಕಲ್ಲಿನಲ್ಲೂ ಅದನ್ನು ಕಂಡ. 1908ರಲ್ಲಿ ಲಂಡನ್ನಿನ ವೈದ್ಯ ಆರ್ಚಿಬಾಲ್ಡ್ ಗ್ಯಾರಡ್ ತನ್ನ ಪ್ರಸಿದ್ಧ ಉಪನ್ಯಾಸಮಾಲೆಯಲ್ಲಿ ಹುಟ್ಟಿನಿಂದಲೇ ಬರುವ ಚಯಾಪಚಯ ದೋಷಗಳೆಂಬ ಕಲ್ಪನೆಯನ್ನು ಮಂಡಿಸಿದಾಗ ಆರಿಸಿಕೊಂಡ ನಾಲ್ಕು ಉದಾಹರಣೆಗಳಲ್ಲಿ ಸಿಸ್ಟಿನ್ಯೂರಿಯವೂ ಒಂದು. 2000ದಲ್ಲಿ ನ್ಯೂಫೌಂಡ್‌ಲ್ಯಾಂಡ್ ತಳಿಯ ನಾಯಿಗಳಲ್ಲಿ ಇದಕ್ಕೆ ಕಾರಣವಾದ ವಂಶವಾಹಿಯ ದೋಷ ಪತ್ತೆಯಾಯಿತು.

ಕಲ್ಲಿನ ತೊಂದರೆ ಗಂಡುನಾಯಿಗೇ ಹೆಚ್ಚು. ಅದರ ಮೂತ್ರನಾಳ ಶಿಶ್ನದೊಳಗಿನ ಎಲುಬಿನ ತೋಡಿನಲ್ಲಿ ಹಾದುಹೋಗುತ್ತದೆ. ಆ ಇಕ್ಕಟ್ಟಿನಲ್ಲಿ ಕಲ್ಲು ಸಿಕ್ಕಿಕೊಳ್ಳುತ್ತದೆ. ನಾಯಿ ಮತ್ತೆ ಮತ್ತೆ ಕಾಲೆತ್ತಿ ತಿಣುಕಿದರೆ ಹೊಟ್ಟೆ ಕಟ್ಟಿದೆ ಎಂದು ಎಣ್ಣೆ ಕುಡಿಸುವವರಿದ್ದಾರೆ. ಹನಿಹನಿಯಾಗಿ ಮಾತ್ರ ಮೂತ್ರ ಬರುತ್ತಿದ್ದರೆ, ಅಥವಾ ಬಾರದೇ ಇದ್ದರೆ, ಅದು ನಾಳೆಗೆ ಮುಂದೂಡುವ ಕೆಲಸವಲ್ಲ. ಅಂದೇ ಪಶು ಆಸ್ಪತ್ರೆಗೆ ಒಯ್ಯಬೇಕು.

ಹಾಗೆಂದು ಮೂತ್ರಪಿಂಡದ ಎಲ್ಲ ಕಾಯಿಲೆಗೂ ವಂಶವನ್ನು ದೂರಬಾರದು. ಭತ್ತದ ಗದ್ದೆ, ಅಕ್ಕಿ ಗಿರಣಿ, ಧಾನ್ಯದ ಗೋದಾಮು ಇರುವಲ್ಲಿ ಇಲಿ ಇದ್ದೇ ಇರುತ್ತದೆ. ಇಲಿಯ ಮೂತ್ರದಿಂದ ಹರಡುವ ಇಲಿಜ್ವರ ನಾಯಿಯ ಮೂತ್ರಪಿಂಡದ ಸಣ್ಣ ನಾಳಗಳನ್ನು ಹಾಳುಮಾಡುತ್ತದೆ. ಲೆಕ್ಕ ತಪ್ಪಿ ಕೊಟ್ಟ ಜೆಂಟಾಮೈಸಿನ್ ಚುಚ್ಚುಮದ್ದು ಕೂಡ ಅದೇ ನಾಳಕ್ಕೆ ಪೆಟ್ಟು ಕೊಡುತ್ತದೆ. 2007ರಿಂದೀಚೆಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ ಆಮದಾದ ಒಣಮಾಂಸದ ತಿನಿಸುಗಳ ಬಗ್ಗೆ ಪದೇ ಪದೇ ಎಚ್ಚರಿಸಿದೆ. ಅವನ್ನು ತಿಂದ ಬೇರೆ ಬೇರೆ ತಳಿಯ ನಾಯಿಗಳಲ್ಲಿ ಫ್ಯಾಂಕೋನಿಯ ಲಕ್ಷಣಗಳು ವರದಿಯಾಗಿದ್ದವು. ಇಂಥ ಕಾರಣಗಳನ್ನು ಒಂದೊಂದಾಗಿ ತಳ್ಳಿಹಾಕಿದ ಮೇಲಷ್ಟೇ ವಂಶದ ಕಡೆ ಬೆರಳು ತೋರಿಸುವುದು ನ್ಯಾಯ.

ಇನ್ನು ಎರಡನೆಯ ಭಾಗ. ಇಲ್ಲಿರುವ ವಿಜ್ಞಾನ ವಿದ್ಯಾರ್ಥಿಗಳಿಗೆ ಬೆನೆಡಿಕ್ಟ್ ದ್ರಾವಣ ಗೊತ್ತು. ನೀಲಿ ದ್ರಾವಣ, ಸಕ್ಕರೆ ಇರುವ ಮೂತ್ರ ಸೇರಿಸಿ ಕಾಯಿಸಿದರೆ ಹಸಿರು, ಹಳದಿ, ಕೊನೆಗೆ ಇಟ್ಟಿಗೆಯ ಕೆಂಪು. ಆ ದ್ರಾವಣವನ್ನು ರೂಪಿಸಿದ ಅಮೆರಿಕದ ರಸಾಯನಶಾಸ್ತ್ರಜ್ಞ ಸ್ಟ್ಯಾನ್ಲಿ ಬೆನೆಡಿಕ್ಟ್ 1916ರಲ್ಲಿ ಇನ್ನೊಂದು ಸಂಗತಿಯನ್ನು ದಾಖಲಿಸಿದ. ಬಿಳಿ ಮೈಮೇಲೆ ಕರಿ ಚುಕ್ಕೆಗಳ ಡಾಲ್ಮೇಷಿಯನ್ ನಾಯಿ ಮೂತ್ರದಲ್ಲಿ ಯೂರಿಕ್ ಆಮ್ಲವನ್ನು ಮನುಷ್ಯರಂತೆ ಹೊರಹಾಕುತ್ತದೆ. ಉಳಿದ ನಾಯಿಗಳು ಯೂರಿಕ್ ಆಮ್ಲವನ್ನು ಯಕೃತ್ತಿನಲ್ಲಿ ಅಲಂಟಾಯಿನ್ ಎಂಬ, ಸುಲಭವಾಗಿ ಕರಗುವ ವಸ್ತುವಾಗಿ ಬದಲಿಸುತ್ತವೆ.

ಡಾಲ್ಮೇಷಿಯನ್ನಿನ ಯಕೃತ್ತಿನಲ್ಲಿ ಈ ಕೆಲಸದ ಕಿಣ್ವ ಇಲ್ಲದಿಲ್ಲ. ಯೂರಿಕ್ ಆಮ್ಲವನ್ನು ಜೀವಕೋಶದೊಳಗೆ ಸಾಗಿಸುವ ವ್ಯವಸ್ಥೆ ಕೆಟ್ಟಿದೆ. ಯಕೃತ್ತಿಗೆ ಅದು ತಲುಪುವುದಿಲ್ಲ, ಮೂತ್ರಪಿಂಡ ಅದನ್ನು ವಾಪಸು ಎಳೆದುಕೊಳ್ಳುವುದೂ ಇಲ್ಲ. ಮೂತ್ರದಲ್ಲಿ ಅದು ಯೂರೇಟ್ ಕಲ್ಲಾಗುತ್ತದೆ. ಈ ಕಲ್ಲು ಸಾಮಾನ್ಯ ಎಕ್ಸ್‌ರೇಯಲ್ಲಿ ಸರಿಯಾಗಿ ಕಾಣದೆ ವೈದ್ಯರನ್ನೂ ಯಾಮಾರಿಸುತ್ತದೆ. 2008ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಡ್ಯಾನಿಕಾ ಬ್ಯಾನಶ್ ಮತ್ತು ಸಂಗಡಿಗರು ದೋಷವಿರುವ ವಂಶವಾಹಿಯನ್ನು ಗುರುತಿಸಿದರು. ಅದರ ಹೆಸರು ಎಸ್‌ಎಲ್‌ಸಿ2ಎ9.

ವಿಷಯ ಗಂಭೀರವಾಗುವುದು ಇಲ್ಲಿ. ಶುದ್ಧ ತಳಿಯೆಂದು ನೋಂದಾಯಿಸಿದ ಪ್ರತಿಯೊಂದು ಡಾಲ್ಮೇಷಿಯನ್ನಿನಲ್ಲೂ ಈ ದೋಷ ತಂದೆಯ ಕಡೆಯಿಂದ ಒಂದು, ತಾಯಿಯ ಕಡೆಯಿಂದ ಒಂದು, ಹೀಗೆ ಎರಡೂ ಪ್ರತಿಗಳಲ್ಲಿ ಕೂತಿತ್ತು. ಎಲ್ಲ ನಾಯಿಗೂ ಕಲ್ಲಾಗುವುದಿಲ್ಲ ನಿಜ, ಆದರೆ ದೋಷವಿಲ್ಲದ ನಾಯಿ ತಳಿಯೊಳಗೆ ಒಂದೂ ಉಳಿದಿರಲಿಲ್ಲ. ಎಷ್ಟು ಎಚ್ಚರದಿಂದ ಜೋಡಿ ಆರಿಸಿದರೂ ತಳಿಯೊಳಗೇ ಮದ್ದು ಸಿಗುವಂತಿರಲಿಲ್ಲ.

1973ರಲ್ಲಿ ರಾಬರ್ಟ್ ಶೈಬಲ್ ಎಂಬ ತಳಿವಿಜ್ಞಾನಿ ಒಂದು ಡಾಲ್ಮೇಷಿಯನ್ನನ್ನು ಪಾಯಿಂಟರ್ ತಳಿಯ ನಾಯಿಯೊಂದಿಗೆ ಕೂಡಿಸಿದರು. ಹುಟ್ಟಿದ ಮರಿಗಳನ್ನು ಮತ್ತೆ ಡಾಲ್ಮೇಷಿಯನ್ನಿಗೆ, ಅವುಗಳ ಮರಿಗಳನ್ನು ಮತ್ತೆ ಡಾಲ್ಮೇಷಿಯನ್ನಿಗೆ ಕೂಡಿಸುತ್ತ ಹೋದರು. ಪ್ರತಿ ಪೀಳಿಗೆಯಲ್ಲೂ ಮೂತ್ರ ಪರೀಕ್ಷಿಸಿ, ಯೂರಿಕ್ ಆಮ್ಲ ಕಡಿಮೆ ಇರುವ ಮರಿಯನ್ನೇ ಮುಂದಿನ ಜೋಡಿಗೆ ಉಳಿಸಿಕೊಂಡರು. ಗಣಿತ ಸರಳ. ಮೊದಲ ಪೀಳಿಗೆಯಲ್ಲಿ ಪಾಯಿಂಟರ್ ಪಾಲು ಅರ್ಧ, ಮುಂದಿನದರಲ್ಲಿ ಕಾಲು. ಹತ್ತನೆಯ ಪೀಳಿಗೆಗೆ ಸರಾಸರಿ 1024ರಲ್ಲಿ ಒಂದು ಪಾಲು. ರೂಪ, ಚುಕ್ಕೆ, ನಡಿಗೆ ಎಲ್ಲ ಡಾಲ್ಮೇಷಿಯನ್ನಿನದೇ. ಹೊರಗಿನಿಂದ ಬಂದು ನೆಲೆಸಿದ್ದು ಆರೋಗ್ಯವಂತ ವಂಶವಾಹಿ ಮತ್ತು ಅದರ ಅಕ್ಕಪಕ್ಕದ ತುಣುಕು ಮಾತ್ರ.

ಆದರೂ ತಳಿಗಳನ್ನು ನೋಂದಾಯಿಸುವ ಸಂಘಗಳ ಪುಸ್ತಕ ಸುಲಭಕ್ಕೆ ಒಪ್ಪಲಿಲ್ಲ. 1981ರಲ್ಲಿ ಅಮೆರಿಕನ್ ಕೆನಲ್ ಕ್ಲಬ್ ಈ ಸಾಲಿನ ಎರಡು ನಾಯಿಗಳನ್ನು ನೋಂದಾಯಿಸಿಕೊಂಡಿತು. ಶುದ್ಧತೆ ಕೆಟ್ಟಿತೆಂದು ತಳಿಪ್ರಿಯರು ಗದ್ದಲವೆಬ್ಬಿಸಿದಾಗ ಮುಂದಿನ ನೋಂದಣಿಯನ್ನು ನಿಲ್ಲಿಸಿತು. ಬ್ರಿಟನ್ನಿನ ಕೆನಲ್ ಕ್ಲಬ್ 2010ರಲ್ಲಿ, ಅಮೆರಿಕದ ಕ್ಲಬ್ 2011ರಲ್ಲಿ ಬಾಗಿಲು ತೆರೆದವು. ಮದ್ದು ಕೈಯಲ್ಲಿದ್ದೂ 30 ವರ್ಷ ಕಾಯಬೇಕಾಯಿತು. ವಿಜ್ಞಾನಕ್ಕೆ ಅಡ್ಡ ನಿಂತದ್ದು ತಿಳಿವಳಿಕೆಯ ಕೊರತೆಯಲ್ಲ, ಶುದ್ಧತೆಯ ಹಟ. ಆ 30 ವರ್ಷಗಳಲ್ಲಿ ಕಲ್ಲಿನ ನೋವು ತಿಂದದ್ದು ನಾಯಿಗಳು.

ಬಸೆಂಜಿಯ ಕಥೆ ತುಸು ಹಿತವಾಗಿದೆ. 1987 ಮತ್ತು 1988ರಲ್ಲಿ ಅಮೆರಿಕದ ಸಾಕಣೆದಾರರು ಕಾಂಗೋ ನಾಡಿಗೇ ಹೋಗಿ ಅಲ್ಲಿನ ಹಳ್ಳಿಗಳಿಂದ ನಾಯಿಗಳನ್ನು ತಂದರು. 1990ರಲ್ಲಿ ಅವುಗಳಿಗಾಗಿ ವಂಶದ ಪುಸ್ತಕವನ್ನು ತೆರೆಯಲಾಯಿತು. 2011ರ ಹೊತ್ತಿಗೆ ಫ್ಯಾಂಕೋನಿಯ ದೋಷವನ್ನು ನೇರವಾಗಿ ತೋರಿಸುವ ವಂಶವಾಹಿ ಪರೀಕ್ಷೆಯೂ ಬಂತು. ಮರಿಯಾಗಿದ್ದಾಗಲೇ ಕೆನ್ನೆಯ ಒಳಭಾಗ ಸವರಿ ತೆಗೆದ ಮಾದರಿಯಿಂದ ತಿಳಿದುಕೊಳ್ಳುವುದು ಸಾಧ್ಯವಾಯಿತು. ಒಂದು ಬಡ ದೇಶದ ಹಳ್ಳಿಯ, ಹೆಸರಿಲ್ಲದ ನಾಯಿಗಳು ಪ್ರದರ್ಶನದ ಕಣದ ನಾಯಿಗಳ ನೆರವಿಗೆ ಬಂದವು ಎಂಬುದನ್ನು ಮರೆಯಬಾರದು.

ಈಗ ಮೂರನೆಯ ಭಾಗ, ನಮ್ಮ ನಾಡಿನ ಮಾತು. ಕರ್ನಾಟಕದ ಹೆಮ್ಮೆಯ ನಾಯಿ ಎಂದರೆ ಮುಧೋಳ. ಸಂಸ್ಥಾನದ ರಾಜಾ ಮಾಲೋಜಿರಾವ್ ಘೋರ್ಪಡೆ ಈ ಬೇಟೆನಾಯಿಯನ್ನು ಪೋಷಿಸಿ, ಒಂದು ಜೋಡಿಯನ್ನು ಐದನೇ ಜಾರ್ಜ್ ದೊರೆಗೆ ಕಾಣಿಕೆ ಕೊಟ್ಟ ಕಥೆ ನಿಮಗೆ ಗೊತ್ತು. 2005ರಲ್ಲಿ ಭಾರತೀಯ ಅಂಚೆ ಇಲಾಖೆ ಅದರ ಚಿತ್ರವಿರುವ ಅಂಚೆಚೀಟಿ ತಂದಿತು. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವನ್ನು ನಡೆಸುತ್ತಿದೆ. 2016ರಲ್ಲಿ ಮೀರತ್ತಿನ ಸೇನಾ ಕೇಂದ್ರದಲ್ಲಿ ಈ ನಾಯಿಗಳ ತರಬೇತಿ ಆರಂಭವಾಯಿತು. 2020ರಲ್ಲಿ ಪ್ರಧಾನಿಯವರು ಬಾನುಲಿ ಭಾಷಣದಲ್ಲಿ ಹೆಸರಿಸಿದ ಮೇಲಂತೂ ಬೇಡಿಕೆ ಏರಿತು.

ನಾನು ಮುಧೋಳ ನಾಯಿಗೆ ಈ ರೋಗಗಳಿವೆ ಎಂದು ಹೇಳುತ್ತಿಲ್ಲ. ಯಾರೂ ಹಾಗೆ ಕೇಳಿಸಿಕೊಂಡು ಹೋಗಬಾರದು. ನಾನು ಹೇಳುವುದು ಬೇಡಿಕೆಯ ಅಪಾಯವನ್ನು. ಬೇಡಿಕೆ ಏರಿದಾಗ ಬಹುಮಾನ ಗೆದ್ದ ಒಂದೇ ಗಂಡುನಾಯಿಗೆ ಊರೂರಿನ ಹೆಣ್ಣುನಾಯಿಗಳನ್ನು ತರುತ್ತಾರೆ. ಅದರ ಮಗನಿಗೆ ಅದರ ಮಗಳನ್ನೇ ಕೂಡಿಸುತ್ತಾರೆ. ಫ್ಯಾಂಕೋನಿಯಂಥ ರೋಗ ಕಾಣಿಸುವುದು ನಾಲ್ಕೈದು ವರ್ಷಕ್ಕೆ. ಅಷ್ಟರಲ್ಲಿ ಆ ಗಂಡುನಾಯಿ ನೂರಾರು ಮರಿಗಳ ತಂದೆಯಾಗಿರುತ್ತದೆ.

ಒಳಸಂಬಂಧದ ಮಾತು ನಮ್ಮ ಜನಕ್ಕೆ ಹೊಸದಲ್ಲ. ಅಕ್ಕನ ಮಗಳನ್ನು ತಂದುಕೊಳ್ಳುವುದು, ಸೋದರತ್ತೆಯ ಮಗನಿಗೆ ಕೊಡುವುದು ನಮ್ಮ ಭಾಗದ ರೂಢಿ. 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳ ಹೆರಿಗೆ ಆಸ್ಪತ್ರೆಗಳಲ್ಲಿ ನಡೆದ ನವಜಾತ ಶಿಶುಗಳ ತಪಾಸಣೆಯಲ್ಲಿ ಸುಮಾರು ಮೂರನೆಯ ಒಂದು ಭಾಗ ಮದುವೆಗಳು ರಕ್ತಸಂಬಂಧದಲ್ಲೇ ಆಗಿದ್ದವು. ನಾನು ಯಾವ ಮನೆತನವನ್ನೂ ಆಕ್ಷೇಪಿಸುತ್ತಿಲ್ಲ, ನಿಯಮವನ್ನಷ್ಟೇ ಹೇಳುತ್ತೇನೆ. ಅಡಗಿದ ಒಂದು ದೋಷದ ಒಂದೊಂದು ಪ್ರತಿ ತಾಯಿ ತಂದೆ ಇಬ್ಬರಲ್ಲೂ ಇದ್ದರೆ ಇಬ್ಬರೂ ಗಟ್ಟಿಮುಟ್ಟಾಗಿಯೇ ಇರುತ್ತಾರೆ. ಆದರೆ ಹುಟ್ಟುವ ಪ್ರತಿ ಮರಿಗೂ ರೋಗ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು, ದೋಷವನ್ನು ಹೊತ್ತೂ ಆರೋಗ್ಯವಾಗಿರುವ ಸಾಧ್ಯತೆ ನಾಲ್ಕರಲ್ಲಿ ಎರಡು. ಹತ್ತಿರದ ನೆಂಟರಲ್ಲಿ ಅದೇ ದೋಷ ಇಬ್ಬರಲ್ಲೂ ಇರುವ ಸಂಭವ ಹೆಚ್ಚು. ನಿಯಮ ನಾಯಿಗೂ ಒಂದೇ, ನಮಗೂ ಒಂದೇ.

ನಮ್ಮ ಮಸ್ಕಿ, ಲಿಂಗಸುಗೂರಿನ ಕುರಿಗಾರರ ನಾಯಿಗಳು ಈ ದೃಷ್ಟಿಯಿಂದ ಶ್ರೀಮಂತ. ಹಿಂಡಿನ ಜೊತೆ ಬೇಸಿಗೆಯ ಬಿಸಿಲಲ್ಲಿ ನಡೆಯಲಾರದ, ರಾತ್ರಿ ತೋಳಕ್ಕೆ ಎದುರು ನಿಲ್ಲಲಾರದ ನಾಯಿಯ ಮರಿಯನ್ನು ಯಾರೂ ಕೇಳಿ ಪಡೆಯುವುದಿಲ್ಲ. ಹಿಂಡು ಊರಿಂದ ಊರಿಗೆ ಹೋಗುವುದರಿಂದ ರಕ್ತವೂ ಬೆರೆಯುತ್ತದೆ. ಆ ಸೋಸುವಿಕೆಯ ಬೆಲೆಯನ್ನು ನಾವು ಅರಿತಿಲ್ಲ. ಪಟ್ಟಣಗಳಲ್ಲಿ ಸಾವಿರಾರು ರೂಪಾಯಿ ಕೊಟ್ಟು ತರುವ ಡಾಲ್ಮೇಷಿಯನ್ ಮರಿಯ ತಾಯಿ ಯಾವುದು, ತಂದೆ ಯಾವುದು ಎಂದು ಕೇಳಿದರೆ ಮಾರಿದವನ ಫೋನ್ ನಂಬರಿನ ಹೊರತು ಬೇರೆ ಉತ್ತರ ಸಿಗುವುದಿಲ್ಲ.

ಕೊನೆಯ ಭಾಗಕ್ಕೆ ಬರುತ್ತೇನೆ. ನಾಯಿ ಸಾಕಿದವರು ಮೂರು ಕೆಲಸ ಮಾಡಬಹುದು. ಒಂದು, ನೀರನ್ನು ಅಳೆಯಿರಿ. ಬೆಳಿಗ್ಗೆ ಅಳೆದು ಇಟ್ಟು ಮರುದಿನ ಉಳಿದದ್ದನ್ನು ಕಳೆಯಿರಿ. ದಿನಕ್ಕೆ ಕಿಲೋ ತೂಕಕ್ಕೆ 100 ಮಿಲಿಲೀಟರಿಗಿಂತ ಹೆಚ್ಚು, ಅಂದರೆ 20 ಕಿಲೋ ನಾಯಿ ಎರಡು ಲೀಟರ್ ದಾಟಿ ಕುಡಿಯುತ್ತಿದ್ದರೆ ವೈದ್ಯರಿಗೆ ತೋರಿಸಿ. ನಮ್ಮ ರಾಯಚೂರು ಸೀಮೆಯ ಬೇಸಿಗೆಯಲ್ಲಿ ನಾಯಿ ಹೆಚ್ಚು ಕುಡಿಯುವುದು ಸಹಜ. ಆದ್ದರಿಂದ ತಂಪು ದಿನಗಳಲ್ಲೂ ಅಳೆದು ಹೋಲಿಸಿ. ಕುಡಿಯುತ್ತದೆಂದು ನೀರನ್ನು ಮಾತ್ರ ಕಟ್ಟಬೇಡಿ. ಎರಡು, ವರ್ಷಕ್ಕೊಮ್ಮೆ ಮೂತ್ರವನ್ನು ಪಟ್ಟಿ ಅದ್ದಿ ಪರೀಕ್ಷಿಸಿ. ಔಷಧಿ ಅಂಗಡಿಯಲ್ಲಿ ಸಿಗುವ ಆ ಪಟ್ಟಿ ಸಕ್ಕರೆಯನ್ನು ತೋರಿಸುತ್ತದೆ. ಮೂರು, ಡಾಲ್ಮೇಷಿಯನ್ ಸಾಕಿದವರು ಮಟನ್ ಅಂಗಡಿಯ ಲಿವರ್, ಗುರ್ದ, ಬೋಟಿ ಹಾಕುವುದನ್ನು ಬಿಡಿ. ಅವು ಯೂರಿಕ್ ಆಮ್ಲವನ್ನು ಹೆಚ್ಚಿಸುತ್ತವೆ. ಮೊಟ್ಟೆ, ಹಾಲಿನ ಪದಾರ್ಥ, ರೊಟ್ಟಿ ಅನ್ನಗಳ ಮೇಲೆ ಊಟ ಕಟ್ಟಿ, ನೀರು ಧಾರಾಳವಾಗಿ ಕೊಡಿ.

ಮರಿ ಮಾಡಿಸುವವರಿಗೆ 2017ರ ಕೇಂದ್ರ ನಿಯಮಗಳು ನೋಂದಣಿ ಮತ್ತು ದಾಖಲೆಯನ್ನು ಕಡ್ಡಾಯ ಮಾಡಿವೆ. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಕಾಗದದ ನಿಯಮ ಎಂದು ತಳ್ಳಿಹಾಕಬೇಡಿ. ದಾಖಲೆಯೇ ಮದ್ದಿನ ಮೊದಲ ಹೆಜ್ಜೆ. ಇನ್ನೊಂದು ಸೂಕ್ಷ್ಮವಿದೆ. ಪರೀಕ್ಷೆಯಲ್ಲಿ ದೋಷದ ಒಂದು ಪ್ರತಿ ಕಂಡ ಆರೋಗ್ಯವಂತ ನಾಯಿಗಳನ್ನೆಲ್ಲ ಒಮ್ಮೆಗೇ ವಂಶದಿಂದ ಹೊರಗಿಟ್ಟರೆ ತಳಿ ಇನ್ನಷ್ಟು ಕಿರಿದಾಗಿ ಬೇರೊಂದು ದೋಷ ಮೇಲೆ ಬರುತ್ತದೆ. ಅಂಥ ನಾಯಿಯನ್ನು ದೋಷವಿಲ್ಲದ ನಾಯಿಗೇ ಕೂಡಿಸಿ, ಮರಿಗಳನ್ನು ಪರೀಕ್ಷಿಸಿ, ದೋಷವಿಲ್ಲದವನ್ನು ಮುಂದಕ್ಕೆ ಒಯ್ಯಬೇಕು. ಈ ವಿಧಾನದಲ್ಲಿ ಒಂದು ಮರಿಗೂ ರೋಗ ಬರುವುದಿಲ್ಲ, ತಳಿಯ ರಕ್ತವೂ ಬರಿದಾಗುವುದಿಲ್ಲ.

ಕಡೆಯದಾಗಿ ಈ ಉಪನ್ಯಾಸ ಏರ್ಪಡಿಸಿದ ಸಂಸ್ಥೆಯ ಮುಂದೆ ಒಂದು ಬೇಡಿಕೆ ಇಡುತ್ತೇನೆ. ಇಲ್ಲಿನ ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳು ಸಿಂಧನೂರು, ಮಸ್ಕಿ ಮತ್ತು ಲಿಂಗಸುಗೂರು ತಾಲ್ಲೂಕುಗಳ ಪಶು ಆಸ್ಪತ್ರೆಗಳ ಜೊತೆಗೂಡಿ ನಾಯಿಗಳ ವಂಶದ ದಾಖಲೆ ಪುಸ್ತಕವೊಂದನ್ನು ಆರಂಭಿಸಲಿ. ತಾಯಿ, ತಂದೆ, ಹುಟ್ಟಿದ ತಿಂಗಳು, ಮೂತ್ರಪರೀಕ್ಷೆಯ ಫಲ, ಸತ್ತಾಗ ಸಾವಿನ ಕಾರಣ: ಐದು ಕಲಮು ಸಾಕು. ಕುರಿಗಾರರ ನಾಯಿಯಿಂದಲೇ ಮೊದಲ ಪುಟ ತುಂಬಲಿ, ಏಕೆಂದರೆ ಇಂದು ಯಾರೂ ಲೆಕ್ಕಕ್ಕೆ ಹಿಡಿಯದ ಆ ನಾಯಿಗಳ ರಕ್ತ ನಾಳೆ ಹೆಸರುವಾಸಿ ತಳಿಯೊಂದಕ್ಕೆ ಬೇಕಾಗಬಹುದು. ಮೊದಲ ಹತ್ತು ವರ್ಷ ಅದರಿಂದ ದೊಡ್ಡ ಪ್ರಯೋಜನ ಕಾಣಲಿಕ್ಕಿಲ್ಲ. ಆಮೇಲೆ ಯಾವ ಸಾಲಿನಲ್ಲಿ ಕಲ್ಲು ಮರುಕಳಿಸುತ್ತದೆ, ಯಾವ ಸಾಲು ಗಟ್ಟಿಯಾಗಿದೆ ಎಂಬುದನ್ನು ಹೇಳಬಲ್ಲ ಪುಸ್ತಕ ಈ ಭಾಗದಲ್ಲಿ ಅದೊಂದೇ ಆಗಿರುತ್ತದೆ.